ಟಾರ್ಚ್ ಹಿಡಿದವಳು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಸೊಂಟನೋವು ಹೇಗಿದೆ? ಕುರ್ಚಿಯಿಂದ ಏಳಲು ಮೇಜು ಹಿಡಿದುಕೊಳ್ಳುವ ಹಾಗಾಗಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಚಿಕ್ಕಂದಿನಿಂದಲೂ ನೀನು ಹೀಗೆಯೇ, ಕಾಲು ಮುರಿದರೂ ಮುಳ್ಳು ಚುಚ್ಚಿತು ಅನ್ನುವವನು. ಹಟ ಮಾಡದೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮ ಇಲ್ಲಿ ನನ್ನ ಹತ್ತಿರ ಗಟ್ಟಿಯಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದ ಮಾತಿಗೆ ಕೇಳಿಸುತ್ತದೆ, ಬೇಡದ್ದಕ್ಕೆ ಇಲ್ಲ.

ಗುರುವಾರ ರೇಡಿಯೋದಲ್ಲಿ ನಿನ್ನ ಸಂದರ್ಶನ ಕೇಳಿದೆವು. ಅಮ್ಮ, ನಾನು, ನನ್ನ ಗಂಡ ಮೂವರೂ ಅಡುಗೆಮನೆಯಲ್ಲೇ ಕೂತಿದ್ದೆವು. ಇಂಜಿನ್ ಕಾರ್ಖಾನೆಯ ಮುಖ್ಯಸ್ಥರು ಎಂದು ನಿನ್ನನ್ನು ಪರಿಚಯಿಸಿದಾಗ ಅಮ್ಮ ಕಣ್ಣೊರೆಸಿಕೊಂಡಳು. ನನಗೂ ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಈ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳಿದ್ದಕ್ಕೆ ನೀನು ನಮ್ಮ ಹಿತ್ತಲಿನ ಮೋಟಾರು ಗಾಡಿಯ ಕಥೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಕೊನೆಗೆ, “ನನ್ನ ತಂಗಿ, ಪಾಪ, ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿರ್ತಿದ್ಲು. ತುಂಬಾ ತಾಳ್ಮೆ ಅವಳಿಗೆ” ಎಂದೆ. ನನ್ನ ಗಂಡ ನಕ್ಕುಬಿಟ್ಟ. “ಟಾರ್ಚಾದ್ರೂ ನೆಟ್ಟಗೆ ಹಿಡೀತಿದ್ಯಾ?” ಎಂದು ಕೇಳಿದ. ಅಮ್ಮ, “ಅಷ್ಟಾದ್ರೂ ಹೇಳಿದ್ನಲ್ಲ” ಎಂದಳು. ಆ ಮಾತೇ ನನ್ನನ್ನು ಈ ಕಾಗದಕ್ಕೆ ಕೂರಿಸಿದ್ದು.

ಅಣ್ಣಾ, ಆ ಮುರಿದ ಕಬ್ಬಿಣದ ಮಂಚವನ್ನು ಗುಜರಿಯಿಂದ ಹೊತ್ತು ತಂದವನು ನೀನೇ. ಚಿಕ್ಕಪ್ಪನ ಸತ್ತ ಮೊಪೆಡ್ಡಿನ ಇಂಜಿನನ್ನು ಬೇಡಿ ತಂದವನೂ ನೀನೇ. ಮಂಚ ಕತ್ತರಿಸಿ ಚೌಕಟ್ಟು ಮಾಡಿಕೊಡು ಎಂದು ರಸ್ತೆಯ ಕೊನೆಯ ವೆಲ್ಡಿಂಗ್ ಅಂಗಡಿಯವನ, ನಾವು ಕಿಡಿಮಾಮ ಅನ್ನುತ್ತಿದ್ದೆವಲ್ಲ, ಅವನ ತಲೆ ತಿಂದವನೂ ನೀನು. ಅದ್ಯಾವುದನ್ನೂ ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಇಂಜಿನು ಎರಡು ಸಲ ಕೆಮ್ಮಿ ಸತ್ತು ಹೋಗುತ್ತಿದ್ದಾಗ ನೀನು ಒದ್ದು ಒದ್ದು ಸುಸ್ತಾಗಿ ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಕಾರ್ಬೊರೇಟರು ಬಿಚ್ಚಿ, ಪೆಟ್ರೋಲು ಬರುವ ಕೂದಲೆಳೆಯಷ್ಟು ತೂತಿನಲ್ಲಿ ಕಸ ಕಟ್ಟಿದೆ ಎಂದು ಕಂಡುಹಿಡಿದದ್ದು ಯಾರು? ಸೈಕಲ್ಲಿನ ಬ್ರೇಕ್ ತಂತಿಯ ಒಂದೇ ಎಳೆ ಬಿಡಿಸಿ ಅದನ್ನು ಚೊಕ್ಕಟ ಮಾಡಿದ್ದು ಯಾರು? ಕಿಡಿಮಾಮ ಅವತ್ತು, “ಲೋ, ನಿನ್ ತಂಗಿ ಕೈ ನೋಡಿ ಕಲ್ತ್ಕೊಳ್ಳೋ” ಎಂದಿದ್ದ. ನೀನೂ ನಕ್ಕಿದ್ದೆ, ಆಗ ನಿನಗೆ ಅದರಲ್ಲಿ ಅವಮಾನವಿರಲಿಲ್ಲ. ಗಾಡಿ ಓಡಿದ ದಿನ, “ಕೂತ್ಕೋ ಕೂತ್ಕೋ, ಬೇಗ!” ಎಂದು ಕೂಗಿ ನನ್ನನ್ನು ಹಿಂದೆ ಹತ್ತಿಸಿಕೊಂಡೆ. ಬ್ರೇಕು ಎಂದರೆ ನಮ್ಮಿಬ್ಬರ ಚಪ್ಪಲಿ. ತಿರುವಿನಲ್ಲಿ ಇಬ್ಬರೂ ಚರಂಡಿಗೆ ಬಿದ್ದೆವು. ಎದ್ದು ನಿಲ್ಲಲಾಗದಷ್ಟು ನಕ್ಕೆವು. ಮುಂಗೈಗೆ ಸೈಲೆನ್ಸರ್ ತಾಗಿ ಸುಟ್ಟದ್ದು ಮನೆಗೆ ಬಂದ ಮೇಲೆಯೇ ನನಗೆ ಗೊತ್ತಾಗಿದ್ದು. ಆ ಕಲೆ ಈಗಲೂ ಇದೆ. ಮದುವೆ ಮಾತಿನ ಹೊತ್ತಿಗೆ ಅಮ್ಮ ಅದಕ್ಕೂ ಬೇರೆ ಕಥೆ ಕಟ್ಟಿದಳು, ಅಡುಗೆ ಮಾಡುವಾಗ ಎಣ್ಣೆ ಸಿಡಿಯಿತು ಎಂದು. ನನ್ನ ಗಂಡ ಇವತ್ತಿಗೂ ಹಾಗೆಂದೇ ನಂಬಿದ್ದಾನೆ.

ನನಗೆ ಮರೆಯಲಾಗದ್ದು ತಾಂತ್ರಿಕ ಶಾಲೆಯ ದೊಡ್ಡ ಮೇಷ್ಟ್ರು ಗಾಡಿ ನೋಡಲು ಬಂದ ದಿನ. ಅಪ್ಪ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ. ನನ್ನ ಕೈಗೆ ಅಮ್ಮ ನೀರಿನ ಲೋಟ ಕೊಟ್ಟು ಕಳಿಸಿದ್ದಳು. ಮೇಷ್ಟ್ರು ಮಂಡಿಯೂರಿ ಕೂತು ಗಾಡಿಯ ಹೊಟ್ಟೆಯನ್ನೆಲ್ಲ ನೋಡಿದರು. ಚೈನು ಕಳಚಿಕೊಳ್ಳದ ಹಾಗೆ ಕೆಳಗಿನಿಂದ ಒತ್ತಿ ಹಿಡಿಯಲು ಮುರಿದ ಕುರ್ಚಿಯ ಗಾಲಿಯೊಂದನ್ನು ನಾನು ಕೂರಿಸಿದ್ದೆನಲ್ಲ, ಅದನ್ನು ಬೆರಳಿನಿಂದ ತಿರುಗಿಸಿ, “ಇದು ಯಾರ ತಲೆ?” ಎಂದರು. ನೀನು ನನ್ನ ಕಡೆ ನೋಡಿದೆ. ಆಮೇಲೆ ಅಪ್ಪನ ಕಡೆ ನೋಡಿದೆ. “ನಂದೇ ಸಾರ್” ಎಂದೆ. ಮೇಲೆ ಹಾಕದೆ ಕೆಳಗೆ ಯಾಕೆ ಹಾಕಿದೆ ಎಂದು ಅವರು ಕೇಳಿದರು. ನಿನಗೆ ಗೊತ್ತಿರಲಿಲ್ಲ. ಮೇಲಿನ ಚೈನು ಎಳೆತದಲ್ಲಿ ಬಿಗಿಯಾಗಿರುತ್ತದೆ, ಸಡಿಲು ಬರುವುದು ಕೆಳಗೆ. ಬಾಯಿ ತೆರೆದಿದ್ದರೆ ನಾನು ಒಂದೇ ಉಸಿರಿಗೆ ಹೇಳುತ್ತಿದ್ದೆ. ನೀನು, “ಹಾಗೇ ಹೊಳೀತು ಸಾರ್” ಎಂದೆ. ಮೇಷ್ಟ್ರು ನಿನ್ನ ಬೆನ್ನು ತಟ್ಟಿ, “ಇದು ಹುಟ್ಟಿನಿಂದ ಬರಬೇಕು” ಎಂದು ಅಪ್ಪನಿಗೆ ಹೇಳಿದರು. ಆಮೇಲೆ ನನ್ನ ಕೈಯಿಂದ ನೀರು ತೆಗೆದುಕೊಂಡು ಕುಡಿದರು.

ನೀನು ಆ ಮೇಷ್ಟ್ರ ಶಾಲೆಗೆ ಸೇರಿ ಹೋದ ವಾರವೇ ಅಪ್ಪ ಹಿತ್ತಲಿನ ಕೋಣೆಗೆ ಬೀಗ ಹಾಕಿದ. “ಇನ್ನು ಆ ಜಿಡ್ಡಿನ ಕೆಲ್ಸ ಸಾಕು, ನಾಳೆ ಹೋಗೋ ಮನೇಲಿ ನಗ್ತಾರೆ” ಎಂದ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನಿಗೆ ತಿಳಿದದ್ದು ಅಷ್ಟೇ. ನಿನಗೆ ತಿಳಿದಿತ್ತು. ರಜೆಗೆ ಬಂದಾಗಲೆಲ್ಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು ಕೂತು, “ಇಂಜಿನ್ ಬಿಸಿಯಾದ್ಮೇಲೆ ಮಾತ್ರ ನಿಂತೋಗ್ತಿದೆ ಕಣೇ, ಏನಿರ್ಬಹುದು?” ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದೆ. ನಾನು ಸೋಪಿನ ನೊರೆಯಲ್ಲಿ ಬೆರಳಾಡಿಸಿ ಕಲ್ಲಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಯಾರೋ ಒಬ್ಬರಾದರೂ ಕೇಳುತ್ತಾರಲ್ಲ ಎಂಬ ಸಂತೋಷ ನನಗೆ. ಮಂಕು ಅಂದರೆ ಅಷ್ಟು ಮಂಕು! ಒಂದು ಸಲವಾದರೂ ಅಪ್ಪನಿಗೆ, ಇವಳನ್ನೂ ಕಳಿಸು ಎಂದು ನೀನು ಹೇಳುತ್ತೀಯೆಂದು ಕಾದೆ. ನಾನು ಈಗ ಮಿಕ್ಸಿ ಕೆಟ್ಟರೆ ರಿಪೇರಿಯವನನ್ನು ಕರೆಸುತ್ತೇನೆ. ಬಿಚ್ಚಿದರೆ ಗಂಡನಿಗೆ ಸರಿಬರುವುದಿಲ್ಲ.

ರೇಡಿಯೋದವರ ಹತ್ತಿರ ಹೋಗಿ ತಿದ್ದು ಎಂದು ನಾನು ಕೇಳುತ್ತಿಲ್ಲ. ಹೋದ ಕಾಲಕ್ಕೆ ತೇಪೆ ಹಾಕಲಾಗುವುದಿಲ್ಲ. ನಿನಗಾದರೂ ನೆನಪಿದೆಯೋ, ಅಥವಾ ಹೇಳಿ ಹೇಳಿ ನಿನಗೇ ನಿಜವಾಗಿಬಿಟ್ಟಿದೆಯೋ, ಅದೊಂದು ತಿಳಿಯಬೇಕಿತ್ತು.

ಅತ್ತಿಗೆಗೆ ನನ್ನ ನಮಸ್ಕಾರ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಅವಳದ್ದು ಯಾವತ್ತೂ ಧಾರಾಳ. ಸೊಂಟ ಜೋಪಾನ.

ನಿನ್ನ ತಂಗಿ

ಮತ್ತೆ: ಇದನ್ನು ಹೇಳಲು ಮರೆತೆ ಎಂದು ಬರೆಯಬೇಕೆಂದಿದ್ದೆ. ಮರೆತಿಲ್ಲ, ಕೈ ಓಡಲಿಲ್ಲ. ನನ್ನ ಮಗಳು ಹೋದ ತಿಂಗಳಿಂದ ನಿನ್ನ ಕಾರ್ಖಾನೆಯಲ್ಲೇ ಇಂಜಿನ್ ಪರೀಕ್ಷೆಯ ವಿಭಾಗದಲ್ಲಿದ್ದಾಳೆ. ನಿನ್ನ ಸಂಬಂಧ ಹೇಳದೆ ಸ್ವಂತ ಬಲದ ಮೇಲೆ ಸೇರಿದಳು, ಮಾವನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹೊಸ ಇಂಜಿನಿನ ಅದುರುವಿಕೆ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿದದ್ದು ಅವಳು. ಅವಳಿಗೆ ಕರೆಯಿಲ್ಲದ ಸಭೆಯಲ್ಲಿ ಎದ್ದು ನಿಂತು ಅದು ತನ್ನದೆಂದು ಹೇಳಿದವನು ಅವಳ ಮೇಲಧಿಕಾರಿ. ನೀನು ಅಲ್ಲೇ ಕೂತಿದ್ದೆಯಂತೆ, ಅವನ ಬೆನ್ನು ತಟ್ಟಿದೆಯಂತೆ. ಬೆಳಿಗ್ಗೆ ಫೋನ್ ಮಾಡಿ ಅತ್ತಳು. “ಹೋಗಿ ಮಾವಂಗೆ ಹೇಳ್ಲಾ ಅಮ್ಮಾ, ಅವ್ರಿಗೆ ಅರ್ಥ ಆಗುತ್ತಾ?” ಎಂದು ಕೇಳಿದಳು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.