ನಡೆಯುತ್ತಿದ್ದ ಲ್ಯಾಪ್‌ಟಾಪನ್ನು ನಿಲ್ಲಿಸಿದ ಅಧಿಕಾರಿಗಳಿಗೆ

ಮಾನ್ಯ ಗಣಕೀಕರಣ ಅಧಿಕಾರಿಗಳೇ,

ನಮ್ಮೂರ ಗ್ರಂಥಾಲಯದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು, ಅದು ನಡೆಯುತ್ತಿತ್ತು. ಅದನ್ನು ನೀವು ಒಯ್ದಿರಿ, ಸರಿಪಡಿಸಿದಿರಿ, ಈಗ ಅದು ನಡೆಯುತ್ತಿಲ್ಲ. ನನ್ನ ತಕರಾರು ಇಷ್ಟೇ. ಇಷ್ಟನ್ನೇ ಅರ್ಜಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟೆ, ಸ್ವೀಕೃತಿಯ ಮೊಹರು ಸಿಕ್ಕಿತು. ನೆನಪೋಲೆ ಕೊಟ್ಟೆ, ಅದಕ್ಕೂ ಮೊಹರು ಸಿಕ್ಕಿತು. ಮೊಹರಿನ ವಿಷಯದಲ್ಲಿ ನಿಮ್ಮ ಕಚೇರಿಯಷ್ಟು ಉದಾರಿಗಳು ಇನ್ನೊಬ್ಬರಿಲ್ಲವೆಂದು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಉತ್ತರ ಮಾತ್ರ ಬರಲಿಲ್ಲ. ಈಗ ಪತ್ರಿಕೆಯ ಮೂಲಕ ಬರೆಯುತ್ತಿರುವುದು ಉತ್ತರ ಬಂದೀತೆಂಬ ಆಸೆಯಿಂದಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಈ ತಿಂಗಳ ಕೊನೆಗಿದೆ, ಅಲ್ಲಿಯವರೆಗೆ ನನ್ನ ಹೊಟ್ಟೆಯ ಉರಿ ತಡೆಯುವಂತಿಲ್ಲ.

ನಾನು ಶಿರಗುಪ್ಪಿಗೂ ಉಗಾರಕ್ಕೂ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವವಳು. ಊರವರು ಗೌರವದಿಂದ 'ಬಾಯಾರ' ಎನ್ನುತ್ತಾರೆ, ನಿಮ್ಮ ಕಡತಗಳಲ್ಲಿ 'ಮೇಲ್ವಿಚಾರಕಿ' ಎಂದಿದೆ. ಮೇಲ್ವಿಚಾರಣೆ ಮಾಡಲು ನನ್ನ ಕೈಕೆಳಗೆ ಇರುವುದು ಒಂದು ಕೋಣೆ, ನಾಲ್ಕು ಕಪಾಟು, ಕಸ ಗುಡಿಸಿ ನೀರು ತರುವ ವಿಠೋಬಾ ಕಾಕಾ, ಮತ್ತು ಆ ಲ್ಯಾಪ್‌ಟಾಪ್. ಅದು ಸಕ್ಕರೆ ಕಾರ್ಖಾನೆಯವರ ದಾನ. ಕಬ್ಬು ತೂಗುವ ಕಾಟಾದ ಕೋಣೆಗೆ ಹೊಸ ಯಂತ್ರ ಬಂದಾಗ ಹಳೆಯದು ನಮ್ಮ ಪಾಲಿಗೆ ಬಂತು. ಬ್ಯಾಟರಿ ಎಂದೋ ಸತ್ತಿತ್ತು, ಕರೆಂಟಿನ ವಾಯರು ಕಿತ್ತರೆ ಯಂತ್ರವೂ ಆರುತ್ತಿತ್ತು. ಆದರೂ ನಮಗದು ಬಂಗಾರವೇ.

ಕಳೆದ ವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರಲ್ಲಿ, ತಮ್ಮಿಂದಲೇ ಒಂದು ಸುತ್ತೋಲೆ ಬಂತು. ಹಳೆಯ ಕಂಪ್ಯೂಟರುಗಳಲ್ಲಿರುವ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರಿಗೆ, ಇನ್ನು ಮುಂದೆ ರಕ್ಷಣೆ ಇಲ್ಲ, ಅದನ್ನು ಬಳಸಕೂಡದು, 'ತಮ್ಮ ಹಂತದಲ್ಲಿಯೇ ಸೂಕ್ತ ಕ್ರಮ ಕೈಗೊಳ್ಳುವುದು' ಎಂದಿತ್ತು. ಅನುದಾನದ ಬಗ್ಗೆ ಸುತ್ತೋಲೆ ಮೌನವ್ರತ ಹಿಡಿದಿತ್ತು. ನನ್ನ ಹಂತ ಯಾವುದು ಸ್ವಾಮಿ? ಕುಡಚಿ ಸ್ಟೇಷನ್ನಿನ ಎದುರಿಗಿರುವ ಜುನೇದನ ಮೊಬೈಲ್ ರಿಪೇರಿ ಅಂಗಡಿಯೇ ನನ್ನ ಹಂತ. ಅಲ್ಲಿಗೆ ಹೋದೆ.

ಸುತ್ತೋಲೆಯನ್ನು ಮಡಚಿಟ್ಟು ಸುಮ್ಮನೆ ಕೂರಬಹುದಿತ್ತು, ಎಷ್ಟೋ ಜನ ಕೂತರು. ನಾನು ಕೂರದಿರಲು ಕಾರಣ ಹತ್ತನೆಯ ತರಗತಿಯ ಮಯೂರಿ. ಹುಟ್ಟಿನಿಂದ ಆಕೆಯ ದೃಷ್ಟಿ ಮಂದ. ಮೀರಜಿನ ಡಾಕ್ಟರು, 'ಚಷ್ಮಾದಿಂದ ಆಗುವ ಕೆಲಸವಲ್ಲ, ಅಕ್ಷರ ದೊಡ್ಡದಿದ್ದರೆ ಓದಿಯಾಳು' ಎಂದು ಹೇಳಿ ಕಳಿಸಿದ್ದರು. ಪಠ್ಯಪುಸ್ತಕದ ಅಕ್ಷರ ದೊಡ್ಡದಾಗುವುದು ಹೇಗೆ? ಹುಡುಗಿ ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿದು, ಒಂದು ಸಾಲು ಓದುವಷ್ಟರಲ್ಲಿ ಕಣ್ಣಲ್ಲಿ ನೀರು ತಂದುಕೊಂಡು, ಉಳಿದದ್ದನ್ನು ಯಾರಾದರೂ ಓದಿ ಹೇಳಲಿ ಎಂದು ಕಾಯುತ್ತಿದ್ದಳು. ತಂದೆಯ ಹೆಸರು ಸಮಾಧಾನ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಸೀಸನ್ನಿನಲ್ಲಿ ಮನೆಯ ಮುಖ ಕಾಣುವುದೇ ಕಡಿಮೆ. ತಾಯಿಗೆ ಓದು ಬಾರದು. ಹೀಗಾಗಿ ನನಗೆ ಬೇಕಾದದ್ದು ಆ ಮುದಿ ಯಂತ್ರದ ಮೇಲೆ ಹಗುರಾಗಿ ನಡೆಯುವ, ಕನ್ನಡ ತೋರಿಸುವ, ಅಕ್ಷರವನ್ನು ಹೆಬ್ಬೆಟ್ಟಿನಷ್ಟು ದೊಡ್ಡದು ಮಾಡಿದರೂ ಮುಗ್ಗರಿಸದ ಒಂದು ವ್ಯವಸ್ಥೆ.

ಜುನೇದ ಲ್ಯಾಪ್‌ಟಾಪನ್ನು ತಿರುವಿ ಮುರುವಿ ನೋಡಿದ. "ಬಾಯಾರ, ಇದಕ್ಕ ಈಗಿನ ಹೊಸಾದು ಹಾಕಿದ್ರ ಜೀವಾನ ಬಿಡತೈತ್ರಿ. ಇದರದಕ್ಕಿಂತ ನನ್ನ ಮೊಬೈಲಿನ ಮೆಮರಿ ಜಾಸ್ತಿ ಐತಿ. ಲಿನಕ್ಸ್ ಹಾಕೂಣ. ಹಗುರ ಐತಿ, ಮ್ಯಾಲ ಮುಫತ್."

"ಮುಫತ್ ಅಂದ್ರ ಕಳುವಿಂದೇನೋ ತಮ್ಮಾ?"

"ತೋಬಾ ತೋಬಾ! ಮಾಡಿದವ್ರ ತಗೋರಿ ಅಂತ ಕೊಟ್ಟಾರ್ರಿ. ರಮಜಾನಕ್ಕ ನಮ್ಮ ಮನ್ಯಾಗಿಂದ ಶೀರಕುರ್ಮಾ ಹಂಚತೀವಲ್ರಿ, ಹಂಗ. ಅದಕ್ಕ ಯಾರರೆ ಬಿಲ್ ಕೇಳತಾರೇನು?"

ಪಾಪ, ಕೇಳುವವರನ್ನು ಅವನಿನ್ನೂ ಕಂಡಿರಲಿಲ್ಲ.

ಈ ಲಿನಕ್ಸ್ ಎಂಬುದು ಒಂದೇ ಅಲ್ಲ, ದೊಡ್ಡ ಮನೆತನ ಎಂದು ಆಗ ತಿಳಿಯಿತು. ಅಣ್ಣತಮ್ಮಂದಿರು ಬೇರೆ ಬೇರೆ ಹೆಸರಿಟ್ಟುಕೊಂಡು ಬೇರೆ ಬೇರೆ ಮನೆ ಮಾಡಿದ್ದಾರೆ, ಕೆಲವರು ಶ್ರೀಮಂತರು, ಕೆಲವರು ನಮ್ಮಂಥವರು. ಜುನೇದ ಜಂಬದಿಂದ ಹಾಕಿದ ಮೊದಲನೆಯದು ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ನಿಂತುಬಿಟ್ಟಿತು. ನಮ್ಮ ಯಂತ್ರದೊಳಗಿನ ಚಿಪ್ ಅದಕ್ಕೆ ಆಗಿಬರಲಿಲ್ಲವಂತೆ. ಎರಡನೆಯದು ಅತೀ ಚಿಕ್ಕದು, ಗುಂಡಿ ಒತ್ತುವುದರೊಳಗೆ ಎದ್ದು ಕೂತಿತು. ಜುನೇದ ಕುಣಿದಾಡಿದ. ಇಂಟರ್ನೆಟ್ಟಿನಿಂದ ಇಳಿಸಿಕೊಂಡಿದ್ದ ಕನ್ನಡದ ಪಾಠ ತೆರೆದರೆ ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕ. "ಇಂಗ್ಲೀಷ್ ಓದಲಿ ಬಿಡ್ರಿ, ಮುಂದ ಉಪಯೋಗ ಆಗತೈತಿ," ಎಂದ. "ಇತಿಹಾಸದ ಪಾಠಾ ನೀ ಬಂದು ಇಂಗ್ಲೀಷಿನ್ಯಾಗ ಹೇಳತೀಯೇನಲೇ?" ಎಂದು ಗದರಿದೆ. ಮೂರನೆಯದು ನೋಡಲು ಬೋಳು ಬೋಳು, ಅಂದವಿಲ್ಲ, ಚಂದವಿಲ್ಲ. ಆದರೆ ಸದ್ದಿಲ್ಲದೆ ಎದ್ದಿತು, ಕನ್ನಡ ತೋರಿಸಿತು, ಪುಟವನ್ನು ಕಪ್ಪಾಗಿಸಿ ಅಕ್ಷರವನ್ನು ಬೆಳ್ಳಗೆ ಮಾಡು ಎಂದರೆ ಮಾಡಿತು. ಅದೇ ಇರಲಿ ಎಂದು ನಾನೇ ಆರಿಸಿದೆ. ಗ್ರಂಥಾಲಯಕ್ಕೆ ತಂದು ಪರದೆಯ ಭಾಷೆ ಯಾವುದಿರಬೇಕು ಎಂಬ ಪ್ರಶ್ನೆ ಬಂದಾಗ ವಿಠೋಬಾ ಕಾಕಾ ಮರಾಠಿ ಎಂದರು, ನಾನು ಕನ್ನಡ ಎಂದೆ, ಮಾತಿಗೆ ಮಾತು ಬೆಳೆಯಿತು. ಜುನೇದ ಇಬ್ಬರಿಗೂ ಕೈಮುಗಿದು ಮೆನುಗಳನ್ನು ಇಂಗ್ಲೀಷಿನಲ್ಲೇ ಬಿಟ್ಟು ಎದ್ದುಹೋದ. ಗಡಿ ತಂಟೆಯನ್ನು ಇಷ್ಟು ಬೇಗ ಬಗೆಹರಿಸಿದವರನ್ನು ನಾನು ಬೇರೆ ಕಂಡಿಲ್ಲ.

ಮಯೂರಿ ಮೊದಲ ದಿನ ಅದರ ಮುಂದೆ ಕೂತಾಗ ನಾನು ಪಕ್ಕದಲ್ಲೇ ಇದ್ದೆ. ಕಪ್ಪು ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಂತೆ ಅಕ್ಷರಗಳು ದಪ್ಪದಪ್ಪಗೆ ಕಂಡವು. ನೆಟ್ಟಗೆ ಬೆನ್ನು ಮಾಡಿ, ಮೂಗಿಗೆ ಏನನ್ನೂ ತಾಗಿಸದೆ, ಬಾಯಲ್ಲಿ ಗುನುಗುತ್ತ ಒಂದು ಪುಟ ಪೂರ್ತಿ ಓದಿದಳು. ಓದಿ ಮುಗಿಸಿ, "ಮುಂದಿಂದು ಬರಬೇಕಾದ್ರ ಎಲ್ಲಿ ಒತ್ತಬೇಕ್ರಿ?" ಎಂದಳು. ಬೆರಳು ಹಿಡಿದು ತೋರಿಸಿದೆ. ಮುಂದೆ ಒಮ್ಮೆ, ಕರೆಂಟು ಹೋಗಿದ್ದಾಗ, ಉಳಿದ ಪಾಠವನ್ನು ನಾನೇ ಓದಿ ಹೇಳುತ್ತೇನೆ ಬಾ ಎಂದರೆ ತಲೆಯಲ್ಲಾಡಿಸಿದಳು. "ಬ್ಯಾಡ್ರಿ ಬಾಯಾರ. ನೀವ್ ಓದಿದ್ದು ನಿಮ್ಮ ದನಿಯಾಗ ಉಳಿತೈತಿ. ನಾ ಓದಿದ್ದು ನನ್ನ ತಲ್ಯಾಗ ಕೂಡತೈತಿ." ಮೊದಲ ಕಿರುಪರೀಕ್ಷೆಯಲ್ಲಿ ಪಾಸಾದಳು. ಅಧಿಕಾರಿಗಳೇ, ನಮ್ಮೂರಲ್ಲಿ ಗಣಕೀಕರಣ ಎಂಬುದು ನಡೆದದ್ದು ಆ ಕೆಲವು ತಿಂಗಳು ಮಾತ್ರ, ಅದೂ ನಿಮ್ಮ ಸಹಾಯವಿಲ್ಲದೆ.

ಇನ್ನು ಯಂತ್ರವನ್ನು ಒಯ್ದ ಮೇಲೆ ನೀವು ಬರೆದ ವರದಿಯಲ್ಲಿ 'ಅನುಮಾನಾಸ್ಪದ' ಎಂದಿರುವ ಘಟನೆಯ ನಿಜ ಹೇಳುತ್ತೇನೆ. ದಸರೆಗೆ ಖಂಡೇಪೂಜೆ ಬಂತು. ನಮ್ಮ ಕಡೆ ಆ ದಿನ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ದುಡಿಯುವ ಪ್ರತಿಯೊಂದು ಸಾಮಾನನ್ನೂ ತಿಕ್ಕಿ ತೊಳೆದು ಪೂಜೆ ಮಾಡುತ್ತಾರೆ. ವಿಠೋಬಾ ಕಾಕಾ ಗ್ರಂಥಾಲಯದ ಕತ್ತರಿ, ಪಂಚಿಂಗ್ ಮಶೀನು, ಬೀಗ ಎಲ್ಲವನ್ನೂ ತಿಕ್ಕಿದರು. ಲ್ಯಾಪ್‌ಟಾಪನ್ನು ಬಿಟ್ಟಾರೆಯೇ? ಪುಣ್ಯಕ್ಕೆ ನೀರು ಹಾಕಲಿಲ್ಲ, ಸೀಮೆಎಣ್ಣೆಯ ಅರಿವೆಯಿಂದ ಒರೆಸಿದರು. ಬುಡದಲ್ಲಿ ಏನೋ ಹೊಲಸು ಅಂಟಿದೆ ಎಂದು ಉಗುರಿನಿಂದ ಕೆರೆದು ತೆಗೆದು, ಅರಿಸಿನದ ಭಂಡಾರ, ಕುಂಕುಮ ಹಚ್ಚಿ ಚೆಂಡು ಹೂವು ಏರಿಸಿದರು. ಆ ಹೊಲಸು ಎಂದರೆ ಹಳೆಯ ವ್ಯವಸ್ಥೆಯ ಲೈಸೆನ್ಸಿನ ಸ್ಟಿಕರು. ಆ ವ್ಯವಸ್ಥೆಯನ್ನೇ ತೆಗೆದುಹಾಕಿದ್ದರಿಂದ ಸ್ಟಿಕರಿನ ಚಿಂತೆ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ.

ದೀಪಾವಳಿ ಮುಗಿದ ಮೇಲೆ ನಿಮ್ಮ ಪರಿವೀಕ್ಷಕರು ಬಂದರು. ಮಯೂರಿ ಓದುತ್ತಿದ್ದಳು. ಯಂತ್ರದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ಕೈಯಿಂದ ಎತ್ತಿ ಬುಡ ನೋಡಿದರು. "ಲೈಸೆನ್ಸ್ ಸ್ಟಿಕರ್ ಎಲ್ಲಿ?"

ವಿಠೋಬಾ ಕಾಕಾ ಅಭಿಮಾನದಿಂದ ಮುಂದೆ ಬಂದರು. "ನಾನ ತಿಕ್ಕಿ ತಗದೀನ್ರಿ ಸಾಹೇಬ್ರ, ಖಂಡೇಪೂಜಿಗೆ. ಹೆಂಗ್ ಥಳಥಳ ಆಗೈತಿ ನೋಡ್ರಿ!"

ಪರಿವೀಕ್ಷಕರು ನನ್ನತ್ತ ತಿರುಗಿ, "ಈಗ ಹಾಕಿರುವ ಸಾಫ್ಟ್‌ವೇರಿನ ಬಿಲ್ ತೋರಿಸಿ" ಎಂದರು. ಬಿಲ್ಲಿಲ್ಲ, ಮುಫತ್ತಾಗಿ ಸಿಗುವಂಥದು ಎಂದೆ. "ಮುಫತ್ತಾದರೆ ಸೊನ್ನೆ ರೂಪಾಯಿಯ ಬಿಲ್ಲಾದರೂ ಇರಬೇಕಲ್ಲ ಮೇಡಂ?" ಎಂದರು. ನಗುತ್ತಿದ್ದಾರೇನೋ ಎಂದು ಮುಖ ನೋಡಿದೆ, ನಗುತ್ತಿರಲಿಲ್ಲ. ಮಯೂರಿ ಮೆಲ್ಲಗೆ, "ಸರ್, ಇದೊಂದ್ ಪುಟಾ ಮುಗಸ್ಲೇನ್ರಿ?" ಎಂದಳು. ಅವರು ಲ್ಯಾಪ್‌ಟಾಪಿನ ಬಾಯಿ ಮುಚ್ಚಿ ಬಗಲಲ್ಲಿ ಇಟ್ಟುಕೊಂಡರು.

ಇಲ್ಲಿ ನನ್ನದೊಂದು ದಡ್ಡ ಪ್ರಶ್ನೆ ಇದೆ. ಆ ಸ್ಟಿಕರು ಇದ್ದಿದ್ದರೆ ಅದು ಯಾವುದಕ್ಕೆ ಪರವಾನಿಗೆ? ನೀವೇ ಬಳಸಬೇಡಿರೆಂದ ಹಳೆಯ ವ್ಯವಸ್ಥೆಗೆ. ಅಂದರೆ ಸ್ಟಿಕರು ಉಳಿಸಿಕೊಂಡು ಅದರಂತೆ ನಡೆದಿದ್ದರೆ ಸುತ್ತೋಲೆಯ ಉಲ್ಲಂಘನೆ, ಸ್ಟಿಕರು ಹೋದರೆ ನಿಯಮದ ಉಲ್ಲಂಘನೆ. ಪರವಾನಿಗೆಗೆ ಹಣವೇ ಕೊಡಬೇಕಿಲ್ಲದ, ಯಾರು ಬೇಕಾದರೂ ಬಳಸಿ ಎಂದು ಮಾಡಿದವರೇ ಬರೆದುಕೊಟ್ಟ ವ್ಯವಸ್ಥೆಯನ್ನು ಹಾಕಿಕೊಂಡರೆ ಅದು ಎಲ್ಲಕ್ಕಿಂತ ದೊಡ್ಡ ಅಪರಾಧ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಕಟ್ಟಿದವರು ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತೇ ಕಟ್ಟಿರಬೇಕು. ಹಣ ಕೊಡದೆ ಬಂದದ್ದಕ್ಕೆ ಬೆಲೆಯೇ ಇಲ್ಲವೆಂದು ನಿಮಗೆ ಹೇಳಿದವರು ಯಾರು? ನಿಮ್ಮ ತಾಯಿ ಕಲಿಸಿದ ಮಾತಿಗೆ ಬಿಲ್ಲು ಇಟ್ಟುಕೊಂಡಿದ್ದೀರಾ?

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುತ್ತ ನಿಮ್ಮ ಕಚೇರಿಗೆ ನಾನು ಅಲೆದದ್ದನ್ನು ಹೇಳಿಕೊಂಡು ಕನಿಕರ ಬೇಡುವುದಿಲ್ಲ. ಸಂಕ್ರಮಣ ಕಳೆದ ಮೇಲೆ ಲ್ಯಾಪ್‌ಟಾಪ್ ಮರಳಿ ಬಂತು. ಅದರಲ್ಲಿ ಈಗ 'ಅನುಮೋದಿತ' ವ್ಯವಸ್ಥೆ ಇದೆ, ಹೊಸದು, ಬಣ್ಣಬಣ್ಣದ್ದು. ಮುದಿ ಎತ್ತಿಗೆ ಎರಡು ಟ್ರಾಲಿ ಕಬ್ಬು ಹೇರಿದ್ದೀರಿ. ಗುಂಡಿ ಒತ್ತಿ, ಕಸ ಗುಡಿಸಿ, ಪೇಪರು ಜೋಡಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಕೊನೆಗೂ ಎದ್ದ ಮೇಲೆ ಅದರಲ್ಲೇ ಇರುವ ಯಾವುದಾದರೂ ಪುಟ ತೆರೆದು ಅಕ್ಷರ ದೊಡ್ಡದು ಮಾಡಿದರೆ ಅಲ್ಲೇ ಕಟ್ಟಿಹೋಗುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಮತ್ತೆ ಮೊದಲಿನಿಂದ. ಆಕೆಗಾಗಿ ನಾವು ಕೂಡಿಸಿಟ್ಟಿದ್ದ ಪಾಠಗಳು, ಆಕೆ ತಾನೇ ಬೆರಳೊತ್ತಿ ಬರೆದುಕೊಂಡಿದ್ದ ಟಿಪ್ಪಣಿಗಳು ಒಂದೂ ಉಳಿದಿಲ್ಲ. ಕೇಳಿದರೆ, 'ನಿಯಮಾನುಸಾರ ಅಳಿಸಲಾಗಿದೆ' ಎಂದರು. ಸೀಡಿ ಹಾಕುವ ಬಾಯಿಗೂ ಪೆನ್‌ಡ್ರೈವ್ ಚುಚ್ಚುವ ಜಾಗಕ್ಕೂ ಅಂಟುಪಟ್ಟಿ ಬಡಿದು, ಬದಲಾಯಿಸಿದರೆ ಶಿಸ್ತುಕ್ರಮ ಎಂದು ಚೀಟಿ ಹಚ್ಚಿದ್ದೀರಿ. ಈ ಚೀಟಿಯನ್ನು ವಿಠೋಬಾ ಕಾಕಾ ಮುಟ್ಟುವುದಿಲ್ಲ. ಯಂತ್ರದ ಹತ್ತಿರವೇ ಸುಳಿಯುವುದಿಲ್ಲ. "ನನ್ನ ಕೈಗುಣಾನ ಕೆಟ್ಟದ್ ಬಾಯಾರ" ಎಂದು ಕಣ್ಣು ಒರೆಸಿಕೊಂಡ ಆ ಹಿರಿಯ ಜೀವಕ್ಕೆ ನಾನು ಏನೆಂದು ಹೇಳಲಿ?

ಮೊಬೈಲಿನಲ್ಲಿ ಓದಬಾರದೇ ಎಂದು ನಿಮ್ಮ ಸಿಬ್ಬಂದಿ ಕೇಳಿದರು. ಅಂಗೈಯಷ್ಟಿರುವ ಪರದೆಯಲ್ಲಿ ಹೆಬ್ಬೆಟ್ಟಿನಷ್ಟು ಅಕ್ಷರ ಇಟ್ಟರೆ ಒಂದು ಶಬ್ದಕ್ಕೆ ಜಾಗವಾದೀತು, ಇತಿಹಾಸಕ್ಕೆ ಆಗದು. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಕೊಡುತ್ತಾರಲ್ಲ ಎಂದೂ ಹೇಳಿದರು. ಓದದೇ ಇರುವುದನ್ನು ಆ ಸಹಾಯಕರು ಏನೆಂದು ಬರೆಯಬೇಕು?

ಜುನೇದನಂತೂ, "ಹೂಂ ಅನ್ರಿ ಸಾಕು, ನಾ ಬಂದು ಮತ್ತ ಅದನ್ನ ಹಾಕಿ ಕೊಡತೀನಿ, ಯಾರಿಗ್ ತಿಳಿತೈತಿ?" ಎನ್ನುತ್ತಾನೆ. ನಾನು ಹೂಂ ಅನ್ನುತ್ತಿಲ್ಲ. ಯಾಕೆಂದರೆ ನನಗೆ ಹೆದರಿಕೆ, ಮಾನ್ಯರೇ. ಈ ಗೌರವಧನ ನಿಂತರೆ ನನ್ನ ಮನೆಯ ಒಲೆ ನಿಲ್ಲುತ್ತದೆ. ದಿನಾ ಸಂಜೆ ಆ ಹುಡುಗಿಯ ಎದುರಿಗೆ ಕೂತು ಈ ಹೆದರಿಕೆಯನ್ನು ನುಂಗುತ್ತೇನೆ. ಆಕೆ ಬರುತ್ತಾಳೆ, ಯಂತ್ರದ ಮುಂದೆ ಕೂರುವುದಿಲ್ಲ. ನಾನು ಓದಿ ಹೇಳುತ್ತೇನೆ, ಈಗ ಬೇಡವೆನ್ನುವುದಿಲ್ಲ, ಸುಮ್ಮನೆ ಕೇಳುತ್ತಾಳೆ. ಬೇಡವೆಂದು ಜಗಳವಾಡಿದ್ದರೆ ಚೆನ್ನಾಗಿತ್ತು. ಮೊನ್ನೆ ಆಕೆಯ ತಂದೆ ಸಮಾಧಾನ ಟ್ರ್ಯಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ಒಳಗೆ ಬಂದ. "ಬಾಯಾರ, ನೀವ್ ಬಾಳ ಮಾಡೀರಿ. ಇನ್ನ ಬಿಡ್ರಿ. ಪರೀಕ್ಷೆಗೆ ಕುಂಡ್ರಸೂದಿಲ್ಲ. ನಾಪಾಸ್ ಆದ್ರ ಆಕಿ ತನ್ನ ಕಣ್ಣಿಗಲ್ಲ, ತನಗ ಬೈಕೊಂತಾಳ" ಎಂದ. ಮಯೂರಿ ಅಲ್ಲೇ ಕೂತಿದ್ದಳು, ಕೇಳಿಸಿಕೊಂಡಳು.

ಕೇಳುವುದಕ್ಕಾಗಿ ಕೇಳುತ್ತೇನೆ. ಆ ಹಗುರಾದ ವ್ಯವಸ್ಥೆಯನ್ನು ಮತ್ತೆ ಹಾಕಿಕೊಳ್ಳಲು ಒಂದು ಸಾಲಿನ ಅನುಮತಿ ಕೊಡಿ, ಈ ವಾರದೊಳಗೆ. ನಿಮಗೆ ಖರ್ಚಿಲ್ಲ. ಬೇಕಿದ್ದರೆ ಸೊನ್ನೆ ರೂಪಾಯಿಯ ಬಿಲ್ಲನ್ನು ಜುನೇದನಿಂದ ಬರೆಸಿ, ಅವನ ಅಂಗಡಿಯ ಶಿಕ್ಕಾ ಹಾಕಿಸಿ ತರುತ್ತೇನೆ. ಕೊಡುವುದಿಲ್ಲವೆಂದು ನನಗೆ ಗೊತ್ತು. ಅನುಮತಿ ಕೊಡಲು ನಿಮಗೆ ಮೇಲಿನವರು ಬೇಕು, ಅವರಿಗೆ ಅವರ ಮೇಲಿನವರು ಬೇಕು, ಅಷ್ಟರಲ್ಲಿ ಏಪ್ರಿಲ್ ತಿಂಗಳೂ ಕಳೆಯುತ್ತದೆ.

ಆದ್ದರಿಂದ ಇನ್ನೊಂದೇ ಕೇಳಿಕೆ. ನಿಮ್ಮ ಉತ್ತರವನ್ನು ನನಗೆ ಬರೆಯಬೇಡಿ, ಮಯೂರಿಗೆ ಬರೆಯಿರಿ. 'ಬೇಡ' ಎಂದೇ ಬರೆಯಿರಿ, ಆದರೆ ಕಪ್ಪು ಹಾಳೆಯ ಮೇಲೆ, ಬಿಳಿ ಬಣ್ಣದಲ್ಲಿ, ಹೆಬ್ಬೆಟ್ಟಿನಷ್ಟು ಅಕ್ಷರದಲ್ಲಿ ಬರೆಯಿರಿ. ಅದನ್ನಾದರೂ ಆಕೆ ತಾನೇ ಓದಿಕೊಳ್ಳಲಿ.

ಇಂತಿ,
ವಿಶ್ವಾಸ ಉಳಿದಿಲ್ಲವಾದರೂ ರೂಢಿ ಬಿಡದ,
ನೀಲಮ
(ನಿಮ್ಮ ವರದಿಯ ಪ್ರಕಾರ, 'ತಾಂತ್ರಿಕ ತಿಳುವಳಿಕೆ ಇಲ್ಲದ ಸಿಬ್ಬಂದಿ')
ಮಾರ್ಚ್ ೨೦೧೫