ಬಾಗಿಲಜ್ಜಿಯ ಕೋರಿಕೆ

ಕಲ್ಲುಮಟ್ಟಿ,
ಇಸವಿ ೨೨೧೧, ಫೆಬ್ರವರಿ ಮೂವತ್ತೊಂದು

ಮುತ್ತಜ್ಜಿ ನೀಲಗಂಗವ್ವನಿಗೆ ನಿನ್ನ ಮರಿಮಗಳು ಸಿರಿದೇವಿ ಮಾಡುವ ನಮಸ್ಕಾರ. ನೀನು ಕ್ಷೇಮವೆಂದು ನಂಬಿದ್ದೇನೆ. ನಾನೂ ಇಲ್ಲಿ ಕ್ಷೇಮ; ತೊಂದರೆ ಇರುವುದೇ ಅದರಲ್ಲಿ.

ತಾರೀಖು ನೋಡಿ ಗಾಬರಿಯಾಗಬೇಡ. ಮಾರ್ಚಿಗೆ ಕಂದಾಯದ ವರ್ಷ ಮುಗಿಯುವ ಮುಂಚೆ ಊರಿನ ಮುದುಕರನ್ನೆಲ್ಲ ನೋಡಿ ಮುಗಿಸಲು ದಿನ ಸಾಲದೆಂದು ಫೆಬ್ರವರಿಯನ್ನು ಎಳೆದು ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸು. ಏಕವಚನವನ್ನೂ ಕ್ಷಮಿಸು. ನೀನು ಮುತ್ತಜ್ಜಿಯೇ ಆದರೂ ಈ ಪತ್ರ ತಲುಪುವ ಹೊತ್ತಿಗೆ ನಿನಗೆ ನಲವತ್ತು, ನಾನು ನೂರಿಪ್ಪತ್ತು ದಾಟಿದವಳು. ಪತ್ರ ಹಿಂದಕ್ಕೆ ಹೇಗೆ ಬಂತು ಎಂದೂ ತಲೆ ಕೆಡಿಸಿಕೊಳ್ಳಬೇಡ. ನಮ್ಮ ಪಂಚಾಯ್ತಿಯವರು ಹಳೇ ಬಾಕಿಗಾಗಿ ಸತ್ತವರಿಗೆ, ಅವರು ಬದುಕಿದ್ದ ಕಾಲಕ್ಕೇ ನೋಟಿಸು ಮುಟ್ಟಿಸುವ ದಾರಿ ಕಂಡುಕೊಂಡಿದ್ದಾರೆ. ಅಂಥ ಒಂದು ನೋಟಿಸಿನ ಜೊತೆ ಇದನ್ನು ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ ಕಾಲದಲ್ಲಿ ನಾಳೆ ಊರ ಶಾಲೆಯ ಪಡಸಾಲೆಯಲ್ಲಿ ಗ್ರಾಮಸಭೆ ಇದೆ. ಮನೆ ಕಂದಾಯ ಏರಿಸಿದ್ದಾರೆ, ಮನೆ ನಿನ್ನ ಅತ್ತೆ ಗುರುಬಸವ್ವನ ಹೆಸರಿನಲ್ಲಿದೆ, ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾಳೆ. ನೀನು ಎದ್ದು ಕೈ ಎತ್ತಿ ಹೀಗೆ ಹೇಳುತ್ತೀ: "ಮುದುಕ್ರು ಬದುಕಿರೂ ತನಕಾ ಆ ಮನಿಗೆ ಕಂದಾಯ ಬ್ಯಾಡ್ರಿ." ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸತ್ತ ಮೇಲೆ ಏನು ಎಂದು ಒಬ್ಬರೂ ಕೇಳುವುದಿಲ್ಲ. ಅದನ್ನು ಕೇಳಿದವರು ಆಮೇಲೆ ಲೆಕ್ಕ ನೋಡಿದ ಮೇಲಧಿಕಾರಿಗಳು. ಬಿಟ್ಟ ಕಂದಾಯ ಬಿಟ್ಟಂತಲ್ಲ, ಮುದುಕರು ಸತ್ತ ದಿನ ಅಷ್ಟೂ ಒಟ್ಟಿಗೆ ಕಟ್ಟಬೇಕು, ಅಥವಾ ಅದೇ ಮನೆಯಲ್ಲಿ ವಯಸ್ಸಾದ ಇನ್ನೊಬ್ಬರಿಗೆ ಹೆಸರು ದಾಟಿಸಬೇಕು ಎಂದು ಅವರು ಬರೆದರು. ನಿನ್ನ ಮಾತನ್ನು ಮಾತ್ರ ಪಂಚಾಯ್ತಿ ಕಟ್ಟಡದ ಗೋಡೆಯ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ವರ್ಷಕ್ಕೊಮ್ಮೆ ಹಾರ ಹಾಕುತ್ತಾರೆ.

ಗುರುಬಸವ್ವನಿಂದ ನಿನಗೆ, ನಿನ್ನಿಂದ ನಿನ್ನ ಮಗನಿಗೆ, ಅವನಿಂದ ನನ್ನಪ್ಪನಿಗೆ, ಕೊನೆಗೆ ನನಗೆ ಹೆಸರು ದಾಟುತ್ತ ಬಂತು. ಬಾಕಿಯೂ ಜೊತೆಗೇ ಬಂತು. ಈಗ ಅದು ಎಷ್ಟೆಂದರೆ ಊರನ್ನೇ ಮಾರಿದರೂ ತೀರುವುದಿಲ್ಲ. ಮೊದಲು ಅರವತ್ತು ದಾಟಿದವರೆಲ್ಲ ಮುದುಕರು; ಅವರು ಹೆಚ್ಚಾದರೆಂದು ಮಿತಿಯನ್ನು ಎಂಬತ್ತು ಮಾಡಿದರು, ಆಮೇಲೆ ನೂರು. ಹೀಗೆ ಮನೆಯ ಹೆಸರು ಹೊತ್ತು ಕೂತವಳನ್ನು ಬಾಗಿಲಜ್ಜಿ ಎನ್ನುತ್ತೇವೆ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಆ ಮನೆಯ ಬಾಗಿಲಜ್ಜಿಯ ಶ್ವಾಸಕೋಶ ಹೇಗಿದೆ ಎಂದು ವಿಚಾರಿಸುತ್ತಾರೆ. ನಾನು ಈ ಮನೆಯಲ್ಲೇ ಹುಟ್ಟಿ, ಮನೆ ಅಳಿಯನನ್ನು ತಂದುಕೊಂಡವಳು. ನನ್ನ ನಂತರ ಇಲ್ಲಿ ದೊಡ್ಡವಳೆಂದರೆ ಮೊಮ್ಮಗಳು, ಅವಳಿಗಿನ್ನೂ ಎಪ್ಪತ್ತು. ಅವಳಿಗೆ ನೂರು ತುಂಬುವ ತನಕ ನಾನು ಸಾಯುವಂತಿಲ್ಲ.

ನನ್ನ ಮಂಚ ಹೊಸ್ತಿಲಿಗೆ ಅಂಟಿಕೊಂಡಿದೆ. ಎದೆಯ ಮೇಲೆ ಉಸಿರುಡಬ್ಬಿ. ಅದು ನನ್ನ ಬದಲು ಉಸಿರು ಎಳೆದು ಬಿಡುತ್ತದೆ, ನಾನು ಬೇಡವೆಂದರೂ ಬಿಡುವುದಿಲ್ಲ. ಜೋಳದ ಗಂಜಿ ಕೊಳವೆಯಲ್ಲಿ ಬರುತ್ತದೆ. ಹಿಂದಿನ ಕೋಣೆಯಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ ರುಬ್ಬಿದ ದಿನ ಘಾಟು ಇಲ್ಲಿಯ ತನಕ ಬರುತ್ತದೆ. ಒಂದು ಬೆರಳು ನೆಕ್ಕಿಸಿ ಎಂದರೆ ರಕ್ತದೊತ್ತಡ ಎನ್ನುತ್ತಾರೆ. ನೆಗಡಿ ಅಂಟೀತೆಂದು ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಬುದ್ಧಿ ಮಂಕಾಗದಿರಲೆಂದು ಬರೆಯಲು ಕಾಗದ ಕೊಟ್ಟಿದ್ದಾರೆ. ಅದರ ಫಲ ಈ ಪತ್ರ.

ವರ್ಷಕ್ಕೊಮ್ಮೆ ಹೊಸ್ತಿಲ ದಿನ. ಕಂದಾಯದವರು ಬಂದು ಬಾಗಿಲ ಹೊರಗೆ ನಿಲ್ಲುತ್ತಾರೆ, ಬಾಗಿಲಜ್ಜಿ ಒಳಗಿನಿಂದ ತನ್ನ ಹೆಸರನ್ನು ತಾನೇ ಹೇಳಬೇಕು. ಹೇಳಿದರೆ ಮನೆ ಉಳಿಯಿತು. ನಾಳೆ ನನ್ನ ಸರದಿ. ಮರಿಮಗ ಪಂಚಾಕ್ಷರಿ ಬೆಳಿಗ್ಗೆಯಿಂದ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾನೆ, ಜಾತ್ರೆಗೆ ಎತ್ತು ಸಜ್ಜು ಮಾಡಿದ ಹಾಗೆ. ಅವನ ಹೆಂಡತಿ ಕಸ್ತೂರಿ ಒಳ್ಳೆಯವಳು. ಅದೇ ನನಗೆ ಸಿಟ್ಟು. ತಲೆ ಬಾಚುತ್ತ ಕಣ್ಣೀರು ಹಾಕಿದಳು: "ಆಯಿ, ನಾಳಿಗೊಂದು ಸಲ ಹೆಸರ ಹೇಳಿಬಿಡು. ಕೂಸಿನ ಮಾರಿ ನೋಡು."

ಹೇಳದೆ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ನೀನು ಕೇಳಬಹುದು. ಪಕ್ಕದ ಮನೆಯ ತೋಟಪ್ಪಜ್ಜ ಹೋದ ವರ್ಷ ಹಾಗೇ ಮಾಡಿದ. ಸಂಜೆಯ ತನಕ ಕಾದರು, ಅವನು ತುಟಿ ಬಿಚ್ಚಲಿಲ್ಲ. ಮನೆಯವರು ಪಾತ್ರೆ ಹೊತ್ತುಕೊಂಡು ಬೀದಿಗೆ ಬಂದರು. ಅವರ ಸೊಸೆ ಮುದುಕನ ಮುಖಕ್ಕೆ ಉಗುಳಿ ಹೋದಳು. ಮುದುಕ ನಗುತ್ತಿದ್ದ. ಆದರೆ ಬಾಗಿಲಜ್ಜ ಬಾಗಿಲಿನ ಜೊತೆಗೇ ಹರಾಜಾಗುತ್ತಾನೆಂಬುದು ಅವನಿಗೆ ಗೊತ್ತಿರಲಿಲ್ಲ. ಮನೆ ಕೊಂಡವರು ಅವನ ದವಡೆಯ ಕೆಳಗೆ ಒಂದು ಗುಂಡಿ ಕೂರಿಸಿದ್ದಾರೆ. ಒತ್ತಿದರೆ ಅವನದೇ ದನಿಯಲ್ಲಿ ಹೆಸರು ಬರುತ್ತದೆ. ಆಗಾಗ ಆ ಮನೆಯ ಮಕ್ಕಳು ಆಟಕ್ಕೆ ಒತ್ತುತ್ತವೆ, ಇಲ್ಲಿಗೆ ಕೇಳಿಸುತ್ತದೆ.

ಆದ್ದರಿಂದ ನಾಳೆ ನಾನು ಹೆಸರು ಹೇಳುತ್ತೇನೆ. ಆಮೇಲೂ ವರ್ಷವರ್ಷ ಹೇಳುತ್ತೇನೆ. ನನಗಿರುವ ದಾರಿ ನೀನೊಬ್ಬಳೇ.

ನಾಳೆ ಸಭೆಗೆ ಹೋಗು, ಕೂತಿರು, ಏಳಬೇಡ. ನೀವು ಕಂದಾಯ ಕಟ್ಟಲಾರಿರಿ. ಮಳೆಗಾಲಕ್ಕೆ ಮುಂಚೆ ಬಾಗಿಲಿಗೆ ಬೀಗ ಬೀಳುತ್ತದೆ. ಗುರುಬಸವ್ವ ಬಹುಶಃ ಯಾರದೋ ಜಗಲಿಯ ಮೇಲೆ ಸಾಯುತ್ತಾಳೆ. ಸಾಯಲಿ, ಎಂಬತ್ತಾಯಿತು, ಸಾಯುವುದು ಎಂಥ ಭಾಗ್ಯವೆಂದು ಆಕೆಗೆ ಗೊತ್ತಿಲ್ಲ. ಆಕೆ ಅಳುವಾಗ ನಿನಗೆ ಎದ್ದು ಕೈ ಎತ್ತಬೇಕೆನ್ನಿಸುತ್ತದೆ. ಆಗ ನನ್ನನ್ನು ನೆನೆ.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಕಂದಾಯವಿಲ್ಲದ ಮನೆಯೆಂದೇ ನಿನ್ನ ಮಗನಿಗೆ ಬೀಗರು ಹೆಣ್ಣು ಕೊಟ್ಟದ್ದು. ಮನೆ ಹೋದರೆ ಆ ಮದುವೆ ಇಲ್ಲ, ನನ್ನಪ್ಪ ಇಲ್ಲ, ನಾನಿಲ್ಲ. ಪಂಚಾಕ್ಷರಿಯೂ ಇಲ್ಲ. ಕಸ್ತೂರಿಯ ಕೂಸೂ ಇರುವುದಿಲ್ಲ. ಅದಕ್ಕೆ ಮೊನ್ನೆ ಮೊದಲ ಹಲ್ಲು ಬಂತು, ದೂರದಿಂದ ತೋರಿಸಿದರು. ಚೆಂದದ ಕೂಸು. ನೋಡಿದ ಮೇಲೂ ಈ ಪತ್ರ ಹರಿದುಹಾಕಲಿಲ್ಲ.

ನಾನು ಕೇಳುವುದು ಸಾವನ್ನಲ್ಲ ಮುತ್ತಜ್ಜಿ, ಸಾವು ನಮ್ಮನೆಯಲ್ಲಿ ದುಬಾರಿ. ನಾನು ಹುಟ್ಟದಂತೆ ಮಾಡು. ನಿನಗೆ ಖರ್ಚೇನಿಲ್ಲ, ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರೆ ಆಯಿತು.

ಸಿರಿದೇವಿ