ತಳ್ಳದೆ ಹೊರಟ ಕಾರು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8.10

‘ಕಾರು ತಳ್ಳೋಕೆ ಒಬ್ಬರು ಬೇಕಿತ್ತು, ಅದಕ್ಕೇ ನನ್ನ ಕಟ್ಕೊಂಡ್ರಿ’ ಎಂದಿದ್ದಳೋ, ‘ತಳ್ಳೋರು ಯಾರಾದ್ರೂ ಸಾಕು ನಿಮಗೆ’ ಎಂದಿದ್ದಳೋ. ಹೆಂಡತಿಯ ಮಾತು. ಎಂಟು ತಿಂಗಳ ಹಿಂದೆ, ಅವಳು ಬೇರೆ ಊರಿನ ಕೆಲಸಕ್ಕೆ ಹೊರಟ ದಿನ. ಇಬ್ಬರೂ ನಕ್ಕಿದ್ದು ನೆನಪಿದೆ. ಮೊದಲು ನಕ್ಕವರು ಯಾರೆಂಬುದು ನೆನಪಿಲ್ಲ.

ಇವತ್ತೂ ಕೀ ತಿರುಗಿಸಿದರೆ ‘ಟಕ್’. ಅಷ್ಟೇ. ಇಳಿದು, ಬಾಗಿಲು ತೆರೆದಿಟ್ಟು, ಭುಜ ಕೊಟ್ಟು ತಳ್ಳಿದೆ. ಮನೆ ಮುಂದೆ ನಾಲ್ಕು ಹೆಜ್ಜೆ ಸಮತಟ್ಟು, ಆಮೇಲೆ ಇಳಿಜಾರು. ಉರುಳತೊಡಗಿದ ಕೂಡಲೇ ಹಾರಿ ಕೂರಬೇಕು. ಕ್ಲಚ್ ಒತ್ತಿ ಎರಡನೇ ಗೇರು, ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿ ಏಳುತ್ತದೆ. ಐವತ್ಮೂರರ ಗಂಡಸು ಮೂವತ್ತು ವರ್ಷದ ಕೆಂಪು ಸ್ಪೋರ್ಟ್ಸ್ ಕಾರಿನ ಪಕ್ಕ ಓಡುವುದನ್ನು ನೋಡಲೆಂದೇ ಎದುರುಮನೆಯ ಮೇಷ್ಟ್ರು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಗೆ ಬರುತ್ತಾರೆ.

‘ಇವತ್ತು ಬೇಗ ಆಯ್ತಲ್ರೀ!’

ಕೈಯೆತ್ತಿದೆ. ನಿಲ್ಲಿಸುವಂತಿರಲಿಲ್ಲ.

ಫೆಬ್ರವರಿ 5

ಹೆಂಡತಿಯ ಫೋನು ಬಂತು. ಗಾಜಿನ ಕಾರ್ಖಾನೆಯ ಲ್ಯಾಬಿನಲ್ಲಿ ಇವಳ ಒಂದು ವರ್ಷದ ಕರಾರು ಮುಗಿಯುವ ಮೊದಲೇ ಇನ್ನೂ ಮೂರು ವರ್ಷ ಇರಿ ಎಂದಿದ್ದಾರಂತೆ. ಹದಿನೇಳಕ್ಕೆ ಹೌದೋ ಅಲ್ಲವೋ ಹೇಳಬೇಕು. ಅದಕ್ಕೆ ಮುಂಚೆ ಎರಡು ದಿನ ಬರುತ್ತಾಳೆ.

‘ಹದಿನೈದಕ್ಕೆ, ಶನಿವಾರ, ಸ್ಟೇಷನ್ನಿಗೆ ಬರ್ತೀರಾ?’

‘ಬರ್ತೀನಿ. ಕಾರಲ್ಲೇ.’

‘ಅಯ್ಯೋ, ಹಾಗಾದ್ರೆ ಒಳ್ಳೆ ಬಟ್ಟೆ ಹಾಕ್ಕೊಳ್ಳಲ್ಲ ಬಿಡಿ.’

ಆಗಲ್ಲ ಅಂತ ಹೇಳಿಬಿಡು, ಬಂದುಬಿಡು — ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡೆ. ಆ ಲ್ಯಾಬಿನ ವಿಷಯ ಹೇಳುವಾಗ ಇವಳ ದನಿ ಮೆಟ್ಟಿಲು ಹತ್ತುವಂತಿರುತ್ತದೆ. ಹತ್ತುವವಳ ಸೆರಗು ಹಿಡಿದೆಳೆಯುವುದು… ಬೇಡ.

ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರನ್ನಾದರೂ ಬದಲಿಸೋಣ. ಅದು ನನ್ನ ಕೈಯಲ್ಲಿದೆ.

ಫೆಬ್ರವರಿ 8, ಶನಿವಾರ. ಮಧ್ಯಾಹ್ನ

ಕಾರು ರಿಪೇರಿಯ ಮೇಸ್ತ್ರಿಗೆ ಸೊಂಟ ಹಿಡಿದಿದೆ, ಬಗ್ಗುವ ಹಾಗಿಲ್ಲ. ಗ್ಯಾರೇಜಿನ ನಡುವೆ ಕುರ್ಚಿ ಹಾಕಿಕೊಂಡು ಬಾಯಲ್ಲೇ ರಿಪೇರಿ ಮಾಡುತ್ತಾರೆ. ಕಾರಿನಡಿ ನುಗ್ಗಿದ್ದು ನಾನು. ಮೊದಲು ಬ್ಯಾಟರಿಯ ವೈರು ಬಿಚ್ಚಿಸಿದರು. ‘ಇಲ್ದಿದ್ರೆ ಕಾರಿಗಿಂತ ಮುಂಚೆ ನೀವೇ ಸ್ಟಾರ್ಟ್ ಆಗ್ತೀರಿ ಸಾರ್.’

ಮೋಟಾರಿಗೆ ಎರಡು ಬೋಲ್ಟು. ಕೆಳಗಿನದು ಸಜ್ಜನ. ಮೇಲಿನದು ಎಂಜಿನ್ನಿನ ಹಿಂದೆ ಎಲ್ಲೋ ಅವಿತು ಕೂತಿದೆ.

‘ಸಿಕ್ತಾ ಸಾರ್?’

‘ಸಿಕ್ತು. ಆದ್ರೆ ಕಾಣ್ತಿಲ್ಲ.’

‘ಕಣ್ಣಿಗೆ ಕಾಣೋದು ಬೇಡ, ಬೆರಳಿಗೆ ಕಂಡ್ರೆ ಸಾಕು. ಕಣ್ಮುಚ್ಕೊಳಿ.’

ಮುಚ್ಚಿಕೊಂಡೆ. ಆಶ್ಚರ್ಯ — ಆಮೇಲೆ ಸ್ಪ್ಯಾನರ್ ಕೂತಿತು. ಒಂದು ಗಂಟೆ ತಿರುಗಿಸಿದೆ, ಒಂದೊಂದು ಸಲಕ್ಕೆ ಗಡಿಯಾರದ ಮುಳ್ಳು ಸರಿಯುವಷ್ಟು.

‘ಇದನ್ನ ಅಲ್ಲಿಟ್ಟ ಎಂಜಿನಿಯರು ಜನ್ಮದಲ್ಲಿ ಒಂದು ಬೋಲ್ಟು ಬಿಚ್ಚಿದವನಲ್ಲ’ ಎಂದೆ.

‘ಬೈಕೊಳ್ಳಿ, ಬೈಕೊಳ್ಳಿ. ತುಕ್ಕು ಸಡಿಲ ಆಗುತ್ತೆ.’

ಕೊನೆಗೆ ಮೋಟಾರು ಎದೆಯ ಮೇಲೇ ಬಿತ್ತು. ಹುಟ್ಟಿದ ಕೂಸಿನಷ್ಟು ಭಾರ. ಮೇಸ್ತ್ರಿ ಬಿಚ್ಚಿ ತೋರಿಸಿದರು: ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದು ಸಬ್ಬಕ್ಕಿಯಷ್ಟಾಗಿವೆ. ‘ಎರಡು ವರ್ಷದಿಂದ ಇದು ಇಲ್ಲ ಇಲ್ಲ ಅಂತಾನೇ ಇದೆ. ನೀವು ತಳ್ತಾನೇ ಇದ್ದೀರಿ.’

ಡಿಕ್ಕಿಯ ಮೇಲೆ ಎರಡು ಕಡೆ ಬಣ್ಣ ಸವೆದಿರುವುದನ್ನೂ ಕಂಡುಹಿಡಿದರು. ಅಂಗೈ ಅಳತೆ. ‘ಮೇಡಂದಾ? ಪಾಲಿಶ್ ಹೊಡೀಲಾ?’

ಬೇಡ ಎಂದೆ. ಸ್ವಲ್ಪ ಜೋರಾಗಿಯೇ.

ಫೆಬ್ರವರಿ 13, ಸಂಜೆ 5

ಬೇರೆ ಮೋಟಾರು ಬಂತು. ಯಾವುದೋ ಹಳೆಯ ಮೋಟಾರನ್ನು ಬಿಚ್ಚಿ ಹೊಸದು ಮಾಡಿದ್ದು. ಅದರ ಹಲ್ಲುಚಕ್ರವನ್ನು ನಮ್ಮ ಹಳೆಯದರ ಪಕ್ಕ ಇಟ್ಟು ಹಲ್ಲು ಎಣಿಸಿದೆವು, ಹೆಣ್ಣು ನೋಡಲು ಹೋದವರ ಗಾಂಭೀರ್ಯದಲ್ಲಿ. ಸರಿಯಿತ್ತು. ಮೇಲಿನ ಬೋಲ್ಟನ್ನು ಈ ಸಲ ಹೇಳಿಸಿಕೊಳ್ಳದೆ ಕಣ್ಣುಮುಚ್ಚಿ ಕೂರಿಸಿದೆ. ದಪ್ಪ ವೈರು, ಸಣ್ಣ ವೈರು, ಬ್ಯಾಟರಿ. ಕೀ.

ಎಷ್ಟು ಸಲೀಸು! ನನಗೇ ಬೇಸರವಾಗುವಷ್ಟು.

ಮೇಸ್ತ್ರಿ ಸೊಂಟ ಮರೆತು ಎದ್ದು ನಿಂತರು. ಆಮೇಲೆ ನೆನಪಾಗಿ ‘ಅಮ್ಮಾ’ ಎಂದು ಕೂತರು.

ಇವಳಿಗೆ ಹೇಳಿಲ್ಲ. ನೋಡಿಯೇ ತಿಳಿಯಲಿ.

ಫೆಬ್ರವರಿ 15, ಶನಿವಾರ. ಸಂಜೆ

ನಗು ಬರುತ್ತಿದೆ, ಬರೆಯಲಾಗುತ್ತಿಲ್ಲ.

ಸ್ಟೇಷನ್ನಿನ ಬಾಗಿಲಲ್ಲೇ ಜಾಗವಿತ್ತು. ಆದರೂ ಅಭ್ಯಾಸಬಲದಿಂದ ಆಚೆ ಬೀದಿಯ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಬಂದಳು. ಒಳ್ಳೆ ಬಟ್ಟೆ ಹಾಕಿರಲಿಲ್ಲ. ಬ್ಯಾಗನ್ನು ತನ್ನ ಸೀಟಿಗೆ ಎಸೆದು, ಒಂದು ಮಾತೂ ಆಡದೆ ಹಿಂದೆ ಹೋಗಿ ಡಿಕ್ಕಿಗೆ ಕೈಕೊಟ್ಟು ನಿಂತಳು. ‘ಹೂಂ, ರೆಡಿ!’

ಆಗಲಾದರೂ ಹೇಳಬೇಕಿತ್ತು. ಜಂಬ. ಕೀ ತಿರುಗಿಸಿದೆ. ಎಂಜಿನ್ ಗುಟುರು ಹಾಕಿತು. ನನ್ನ ಕಾಲಿಗೆ ಹೊಸ ಮೋಟಾರಿನ ಸುದ್ದಿ ತಲುಪಿರಲಿಲ್ಲ — ಎರಡನೇ ಗೇರಿನಲ್ಲೇ ಇದ್ದೆ, ಕ್ಲಚ್ ಬಿಟ್ಟೆ. ಕಾರು ಹೊರಟೇಹೋಯಿತು, ಇವಳ ಬ್ಯಾಗಿನ ಸಮೇತ. ಕನ್ನಡಿಯಲ್ಲಿ ನೋಡಿದರೆ ಎರಡೂ ಕೈ ಗಾಳಿಗೆ ಒಡ್ಡಿ ನಡುಬೀದಿಯಲ್ಲಿ ನಿಂತಿದ್ದಾಳೆ, ಚಿಕ್ಕದಾಗುತ್ತ.

ನಿಲ್ಲಿಸಿದೆ. ಓಡಿ ಬಂದಳು.

‘ಹೇಳಬಾರದೇನ್ರೀ? ಮೂತಿ ಒಡ್ಕೋತಿದ್ದೆ!’

‘ನೋಡಿಯೇ ಗೊತ್ತಾಗ್ಲಿ ಅಂತ…’

‘ಗೊತ್ತಾಯ್ತು ಬಿಡಿ. ಗಂಡ ಕಣ್ಣೆದುರಿಗೇ ಓಡಿಹೋದ!’

ಬೀದಿಯವರೆಲ್ಲ ನೋಡುವಂತೆ ನಕ್ಕಳು. ಮನೆ ಹತ್ತಿರ ಬಂದಾಗ, ಕಿಟಕಿಯಾಚೆ ನೋಡುತ್ತ, ‘ಅಂತೂ ನನ್ನ ಕೆಲಸ ಹೋಯ್ತು’ ಎಂದಳು. ತಮಾಷೆಗೇ.

ಫೆಬ್ರವರಿ 16

ಸ್ಟೇಷನ್ನಿಗೆ ಹೊರಡಲು ಕಾರಿನಲ್ಲಿ ಕೂತಾಗ ಕೇಳಿದಳು.

‘ಆ ಮೂರು ವರ್ಷದ ಬಗ್ಗೆ ನೀವೇನೂ ಹೇಳಲ್ವಾ?’

‘ನಿನ್ನ ಇಷ್ಟ.’

‘ನನ್ನ ಇಷ್ಟ ನನಗೆ ಗೊತ್ತು ರೀ. ಕೇಳಿದ್ದು ನಿಮ್ಮದು.’

ಕೀ ತಿರುಗಿಸಿದೆ. ತಕ್ಷಣ ಸ್ಟಾರ್ಟ್ ಆಯಿತು, ದರಿದ್ರದ್ದು. ಮೊದಲಾಗಿದ್ದರೆ ಇಳಿಯುವುದು, ತಳ್ಳುವುದು, ಏದುಸಿರು… ಎಂಥ ಪ್ರಶ್ನೆಯೂ ಅದರಲ್ಲಿ ಮುಳುಗಿಹೋಗುತ್ತಿತ್ತು. ಇವತ್ತು ಆ ಪ್ರಶ್ನೆ ಹತ್ತು ನಿಮಿಷದ ದಾರಿಯುದ್ದಕ್ಕೂ ನಮ್ಮಿಬ್ಬರ ನಡುವೆ ಕೂತಿತ್ತು, ಎರಡೇ ಸೀಟಿನ ಕಾರಿನಲ್ಲಿ.

ಫೆಬ್ರವರಿ 17, ಸೋಮವಾರ. 11.20

ಮೆಸೇಜು. ‘ಸಹಿ ಹಾಕಿದೆ. ಮೂರು ವರ್ಷ.’

ಸಂತೋಷ ಎಂದು ಬರೆದೆ. ಕಳಿಸಿದ ಮೇಲೆ ನೋಡಿದರೆ, ನಿಜ. ಎದೆ ಸ್ವಲ್ಪ ಖಾಲಿ, ಆದರೂ ನಿಜ.

ಮೇಜಿನ ಮೇಲೆ ನಾನು ತಪ್ಪು ತಿದ್ದಬೇಕಾದ ಪುಸ್ತಕದ ಪ್ರೂಫಿನ ಕಟ್ಟು. ಪ್ರೆಸ್ಸಿನವರು ಅಂಚೆಯಲ್ಲಿ ಕಳಿಸುತ್ತಾರೆ, ತಿದ್ದಿ ಅಂಚೆಯಲ್ಲೇ ವಾಪಸು ಕಳಿಸುತ್ತೇನೆ. ಹನ್ನೊಂದು ವರ್ಷದಿಂದ ಅವರ ಮುಖ ನೋಡಿಲ್ಲ. ಈ ಕೆಲಸಕ್ಕೆ ಇದೇ ಊರು, ಇದೇ ಮೇಜು ಬೇಕೆಂದು ಯಾರು ಹೇಳಿದ್ದರು? ಯಾರೂ ಅಲ್ಲ. ಇವಳು ಬರಲಿ, ಇವಳು ಬರಲಿ ಎಂದು ಎಂಟು ತಿಂಗಳು ಕಾದೆ. ಹೊರಡಬಹುದಾದವನು ನಾನೇ ಎಂಬುದು ಒಂದು ದಿನವೂ ಹೊಳೆಯಲಿಲ್ಲ.

ಫೋನಿನಲ್ಲಿ ಬಾಯಿ ಬರುವುದಿಲ್ಲ. ಇಲ್ಲೇ ಕೇಳಿ ನೋಡುತ್ತೇನೆ, ಅಭ್ಯಾಸಕ್ಕೆ — ಅಲ್ಲ ಕಣೇ, ನೀನಿರುವ ಆ ಒಂದು ಕೋಣೆಯಲ್ಲಿ ಇನ್ನೊಂದು ಮೇಜಿಗೆ ಜಾಗ ಆಗುತ್ತಾ?